ಸಂಜೆ ಏಳರ ಮಾತ್ರೆ

ಹಾಗಲವಾಡಿ
18-6-1997

ತೀರ್ಥರೂಪು ಅಪ್ಪಾಜಿಯವರಿಗೆ ಶಾಂತಲಾ ಮಾಡುವ ನಮಸ್ಕಾರಗಳು.

ಮದುವೆಯಾಗಿ ಇವತ್ತಿಗೆ ಇಪ್ಪತ್ತನಾಲ್ಕು ದಿನ. ಇವರು ಒಳ್ಳೆಯವರು, ಅತ್ತೆಯೂ ಒಳ್ಳೆಯವರು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಕೇಳಿ ಅಮ್ಮ ಗಾಬರಿಯಾಗಬಾರದು.

ನನಗೆ ಉಬ್ಬಸ ಇದೆ ಎಂದು ಇವರಿಗೆ ಹೇಳಿಲ್ಲ ಎನ್ನುವುದನ್ನು ನೀವು ಧಾರೆಯ ಹಿಂದಿನ ದಿನ ನನಗೆ ಹೇಳಿದಿರಿ. ಅಷ್ಟರಲ್ಲಿ ಚಪ್ಪರ ಹಾಕಿಯಾಗಿತ್ತು. ಯಾರಿಗೂ ಹೇಳುವುದಿಲ್ಲವೆಂದು ನಿಮ್ಮ ಮೇಲೆ ಆಣೆ ಇಡಿಸಿಕೊಂಡಿರಿ. "ಸಂಜೆ ಏಳಕ್ಕೆ ಏನಾದ್ರೂ ತಿಂದು ನುಂಗು, ಯಾರು ನೋಡ್ತಾರೆ?" ಅಂದಿರಿ. ಅಪ್ಪಾಜಿ, ಎಲ್ಲರೂ ನೋಡುತ್ತಾರೆ. ಇದು ಮೂರು ಜನರ ಮನೆ. ಸಂಜೆ ಏಳಕ್ಕೆ ಸರಿಯಾಗಿ ಇವರು ಡೇರಿಯ ಲೆಕ್ಕ ಮುಗಿಸಿ ಬರುತ್ತಾರೆ. ಅದೇ ಹೊತ್ತಿಗೆ ಅತ್ತೆ ಪೂಜೆ ಮುಗಿಸಿ ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲೇ ಕೂರುತ್ತಾರೆ. ನಾನು ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಚೊಂಬು ಹಿಡಿದು ಬಚ್ಚಲಿಗೆ ಹೋಗುತ್ತೇನೆ. ನಿನ್ನೆ ಅತ್ತೆ ಕೇಳಿಯೇಬಿಟ್ಟರು: "ದಿನಾ ಈಟೊತ್ಗೇ ಬಚ್ಚಲ್ನಾಗೆ ಏನವ್ವಾ ಕೆಲ್ಸ ನಿಂಗೆ?"

ಆರು ವರ್ಷದಿಂದ ಈ ಮಾತ್ರೆ ನುಂಗುತ್ತಿದ್ದೇನೆ. ಕಾಲೇಜಿನಲ್ಲಿ ಗೆಳತಿಯರ ಮುಂದೆ ನುಂಗಿದ್ದೇನೆ, ಬಸ್ಸಿನಲ್ಲಿ ನುಂಗಿದ್ದೇನೆ. ಕದ್ದು ನುಂಗಿದ್ದು ಇದೇ ಮೊದಲು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಪಂಪನ್ನಂತೂ ನೀವು ತರಲು ಬಿಡಲೇ ಇಲ್ಲ. ಅದು ಕುಣಿಗಲ್ಲಿನ ಮನೆಯ ಬೀರುವಿನಲ್ಲಿದೆ, ನನ್ನ ಎದೆ ಹಾಗಲವಾಡಿಯಲ್ಲಿದೆ.

ನಾನೇ ಹೇಳಿಬಿಡಲೇ? ಒಂದು ಸಾಲು ಬರೆಯಿರಿ ಸಾಕು.

ನಿಮ್ಮ ಮಗಳು,
ಶಾಂತಲಾ


ಕುಣಿಗಲ್
27-6-1997

ಚಿ. ಸೌ. ಶಾಂತಲಾಳಿಗೆ ಆಶೀರ್ವಾದ.

ನಿನ್ನ ಪತ್ರ ತಲುಪಿ ವಿಷಯ ತಿಳಿಯಿತು. ಸದರಿ ವಿಷಯವನ್ನು ಸದ್ಯಕ್ಕೆ ಯಾರ ಗಮನಕ್ಕೂ ತರತಕ್ಕದ್ದಲ್ಲ. ಈ ಕಾಗದವನ್ನು ಓದಿ ಹರಿದು ಹಾಕು.

ಮೊದಲು ಬಂದ ಎರಡು ಸಂಬಂಧ ಏನಾಯಿತೆಂದು ನೀನು ಮರೆತಿರಬಹುದು, ನಾನು ಮರೆತಿಲ್ಲ. ಕೊತ್ತಗೆರೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು ಎದ್ದು ಹೋದರು. ತುಮಕೂರಿನವರು ಒಂದು ವಾರ ಬಿಟ್ಟು "ಜಾತಕ ಕೂಡಲಿಲ್ಲ" ಎಂದು ಹೇಳಿ ಕಳಿಸಿದರು. ಅವರಿಗೆ ಜಾತಕವನ್ನು ನಾನು ಕೊಟ್ಟೇ ಇರಲಿಲ್ಲ. ಮೂರನೆಯವರಿಗೂ ಹೇಳಿ ನಿನ್ನನ್ನು ಮನೆಯಲ್ಲೇ ಕೂರಿಸಿಕೊಳ್ಳಬೇಕಾಗಿತ್ತೇ?

ಒಂದು ವರ್ಷ ಕಳೆಯಲಿ. ನಿನ್ನ ಗುಣ ಅವರಿಗೆ ತಿಳಿಯಲಿ. ಆಮೇಲೆ ನಾನೇ ಬಂದು ನಿಧಾನವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡ.

ಇಂತಿ,
ಗುರುಸಿದ್ದಯ್ಯ


ಹಾಗಲವಾಡಿ
9-8-1997

ಅಪ್ಪಾಜಿಗೆ ನಮಸ್ಕಾರ.

ಹರಿದು ಹಾಕು ಎಂದು ಬರೆಯುತ್ತೀರಲ್ಲ, ಅದರ ಅಗತ್ಯವೇ ಇಲ್ಲ. ಅತ್ತೆಗೆ ಓದಲು ಬರುವುದಿಲ್ಲ. ಇವರಿಗೆ ಬರುತ್ತದೆ, ಆದರೆ ನನ್ನ ಹೆಸರಿಗೆ ಬಂದ ಕಾಗದವನ್ನು ಒಡೆಯದೆ ತಂದು ಕೈಗೆ ಕೊಡುತ್ತಾರೆ. ನನಗೆ ನಾಚಿಕೆಯಾಗುವುದು ಅದಕ್ಕೇ.

ಮಾತ್ರೆ ತಪ್ಪಿಸಬೇಡ ಅಂದಿರಿ. ತಪ್ಪಿತು. ಹೋದ ತಿಂಗಳು ಅತ್ತೆಯ ತಮ್ಮನ ಮನೆಯವರು ಬಂದು ಎರಡು ದಿನ ಉಳಿದರು. ಮನೆ ತುಂಬ ಜನ, ಬಚ್ಚಲಿಗೂ ಸರದಿ. ಎರಡು ಸಂಜೆ ನುಂಗಲಾಗಲಿಲ್ಲ. ಮೂರನೇ ದಿನ ಎದೆ ಬಿಗಿಯತೊಡಗಿತು. ಹೋದದ್ದನ್ನು ತುಂಬಿಕೊಳ್ಳೋಣ ಎಂದು ದಡ್ಡಿಯ ಹಾಗೆ ಮೂರು ಮಾತ್ರೆ ಒಟ್ಟಿಗೇ ನುಂಗಿದೆ. ಅಪ್ಪಾಜಿ, ಸತ್ತೇ ಹೋಗುತ್ತೇನೆ ಅನ್ನಿಸಿತು. ಕೈ ನಡುಗಿ ಲೋಟ ಬಿತ್ತು. ಎದೆ ಡವಡವ ಹೊಡೆದುಕೊಂಡಿತು. ಮಾರನೇ ದಿನ ಮಧ್ಯಾಹ್ನದವರೆಗೆ ವಾಂತಿ ನಿಲ್ಲಲಿಲ್ಲ.

ಮುಂದಿನದನ್ನು ಹೇಗೆ ಬರೆಯಲಿ? ನಾನು ಹಿತ್ತಿಲಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದರೆ ಅತ್ತೆ ಓಡಿ ಬಂದು ಬೆನ್ನು ಸವರಿದರು. ಮುಖ ನೋಡಿದರೆ, ಇಷ್ಟಗಲ ನಗು! "ಯಾವಾಗಿಂದ್ಲೇ? ನಂಗೆ ಹೇಳಾಕೇನು?" ಅಂದವರೇ ಒಳಗೆ ಹೋಗಿ ಶಾವಿಗೆ ಪಾಯಸಕ್ಕೆ ಇಟ್ಟರು. ಪಕ್ಕದ ಮನೆಯ ದೊಡ್ಡಗಂಗಮ್ಮನಿಗೂ ಒಂದು ಲೋಟ ಹೋಯಿತು. ಸಂಜೆ ಇವರು ಬಂದಾಗ ಅತ್ತೆ ಕಿವಿಯಲ್ಲಿ ಏನೋ ಹೇಳಿದರು. ಮಾರನೇ ದಿನ ಇವರು ಗುಬ್ಬಿಗೆ ಹೋಗಿ ದಾಳಿಂಬೆ ತಂದರು.

ಹತ್ತು ದಿನಕ್ಕೆ ಅಂಥದ್ದೇನೂ ಇಲ್ಲ ಎಂದು ಎಲ್ಲರಿಗೂ ತಿಳಿಯಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶಾಂತಲಾ


ಕುಣಿಗಲ್
18-8-1997

ಚಿ. ಶಾಂತಲಾಳಿಗೆ,

ನಿನಗೇನು ಬುದ್ಧಿ ಇದೆಯೋ ಇಲ್ಲವೋ? ನಾನು ಇವತ್ತೇ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ನನ್ನನ್ನೇ ಬಾಯಿಗೆ ಬಂದಂತೆ ಬೈದರು. ಅವರು ಹೇಳಿದ್ದು: ಒಂದು ಸಂಜೆ ಮರೆತರೆ ಅಲ್ಲಿಗೆ ಬಿಡಬೇಕು. ಮಾರನೇ ದಿನ ಎಂದಿನ ಹೊತ್ತಿಗೆ ಒಂದೇ ಒಂದು. ಎರಡು, ಮೂರು ಒಟ್ಟಿಗೆ ನುಂಗಿದರೆ ಎದೆಬಡಿತ ಹೆಚ್ಚಾಗಿ ಪ್ರಾಣಕ್ಕೇ ಬರುತ್ತದೆ. ಮಾತ್ರೆಯನ್ನು ಅಗಿಯಬಾರದು, ಪುಡಿ ಮಾಡಬಾರದು. ಬೇರೆ ಯಾವ ಡಾಕ್ಟರು ಜ್ವರಕ್ಕೋ ನೆಗಡಿಗೋ ಔಷಧಿ ಕೊಟ್ಟರೂ ಇದನ್ನು ನುಂಗುತ್ತಿದ್ದೇನೆ ಎಂದು ಮೊದಲು ಹೇಳಬೇಕು. ಇದು ಎದೆ ಕಟ್ಟದ ಹಾಗೆ ಕಾಯುವ ಮಾತ್ರೆ, ಕಟ್ಟಿದ ಎದೆಯನ್ನು ಬಿಡಿಸುವುದಲ್ಲ. ಅದಕ್ಕೆ ಪಂಪೇ ಬೇಕು.

ಪಂಪನ್ನು ಕಳಿಸಲು ಯೋಚಿಸಿದೆ. ಅದನ್ನು ಎಲ್ಲಿ ಬಚ್ಚಿಡುತ್ತೀ? ಕಂಡರೆ ಏನೆಂದು ಹೇಳುತ್ತೀ? ಆದ್ದರಿಂದ ಸದ್ಯಕ್ಕೆ ಕಳಿಸಿಲ್ಲ.

ಮಾತ್ರೆ ಮಾತ್ರ ಕಳಿಸಿದ್ದೇನೆ. ನಮ್ಮ ಕಚೇರಿಯ ಚನ್ನವೀರಯ್ಯ ಗುಬ್ಬಿ ಕಡೆಯವರು, ಅವರ ಕೈಯಲ್ಲಿ ಒಂದು ಡಬ್ಬ ಬರುತ್ತದೆ. ಮೇಲೆ ಅಮ್ಮ ಮಾಡಿದ ಚಟ್ನಿಪುಡಿ, ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರೆ. ಡಬ್ಬವನ್ನು ನೀನೇ ಬಗ್ಗಿಸಿಕೊ.

ಗುರುಸಿದ್ದಯ್ಯ


ಹಾಗಲವಾಡಿ
2-11-1997

ಅಪ್ಪಾಜಿ,

ದೀಪಾವಳಿಗೆ ನೀವು ಕಳಿಸಿದ ಎರಡನೇ ಡಬ್ಬವನ್ನು ಅತ್ತೆ ಬಗ್ಗಿಸಿಕೊಂಡರು.

ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗಿನಿಂದ ಸದ್ದೇ ಇಲ್ಲ. ಬಂದು ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದರು. ಮುಂದೆ ಮೊರದಲ್ಲಿ ಚಟ್ನಿಪುಡಿ, ಅದರ ಮೇಲೆ ಮೂರು ಹಾಳೆ ಮಾತ್ರೆ.

"ದಿನಾ ಸಂಜೆ ಬಚ್ಚಲ್ನಾಗೆ ನುಂಗ್ತಿದ್ದಿದ್ದು ಇದ್ನೇಯಾ?"

ನಾನು ಹೂಂ ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮಕ್ಳಾಗ್ದಂಗೆ ನುಂಗೋ ಮಾತ್ರೆ. ನರ್ಸಮ್ಮ ಮನೆ ಮನೆಗೆ ಬಂದು ಹಂಚ್ತಾಳಲ್ಲ, ಅಂಥದ್ದು. ಅದ್ನ ನಿಮ್ಮವ್ವ ಚಟ್ನಿಪುಡಿನಾಗೆ ಬಚ್ಚಿಟ್ಟು ಕಳಿಸ್ತಾಳೆ. ನಾನು ಪಾಯಸ ಮಾಡಿ ಊರಿಗೆಲ್ಲ ಹಂಚ್ದೆ ಕಣೇ!"

ನಿಮಗೆ ಇಂಥದ್ದನ್ನೆಲ್ಲ ಬರೆಯಬೇಕಾಗಿ ಬಂತಲ್ಲ ಎಂದು ನನಗೆ ಅಳು ಬರುತ್ತದೆ, ಆದರೆ ಬರೆಯದೆ ಬೇರೆ ದಾರಿ ಇಲ್ಲ. ನಾನು ಅಲ್ಲ ಅಂದೆ. "ಅಲ್ದಿದ್ರೆ ಯಾತಕ್ಕೆ? ಹೇಳು" ಅಂದರು. ಸುಮ್ಮನಾದೆ. ಹೇಳಿದರೆ ನೀವು ಸುಳ್ಳು ಹೇಳಿ ಮದುವೆ ಮಾಡಿದವರಾಗುತ್ತೀರಿ. ಹೇಳದಿದ್ದರೆ ನಾನು ಮಗು ಬೇಡವೆಂದು ಕದ್ದು ಮಾತ್ರೆ ನುಂಗಿದವಳಾಗುತ್ತೇನೆ. ಎರಡರಲ್ಲಿ ಯಾವುದು ಎಂದು ಆರಿಸಿಕೊಳ್ಳುವಷ್ಟು ಹೊತ್ತು ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಎರಡು ಹಾಳೆಯನ್ನು ಬಚ್ಚಲ ಒಲೆಗೆ ಹಾಕಿದರು. ಮೂರನೆಯದನ್ನು ಸಂಜೆ ಮಗನಿಗೆ ತೋರಿಸಲು ಇಟ್ಟುಕೊಂಡರು.

ಇವರು ಅದನ್ನು ತಿರುಗಿಸಿ ನೋಡಿದರು. ಸಣ್ಣ ಇಂಗ್ಲಿಷ್ ಅಕ್ಷರ, ಯಾತಕ್ಕೆಂದು ಬರೆದಿರುವುದಿಲ್ಲವಲ್ಲ. "ಇದೇನು ಶಾಂತಲಾ?" ಅಂತ ಒಂದೇ ಸಲ ಕೇಳಿದರು. ನಾನು ಅಳುತ್ತಾ ನಿಂತೆ. ಹಾಳೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟು ಹೋದರು. ಆವತ್ತಿನಿಂದ ನನ್ನ ಜೊತೆ ಅವರು ಆಡುವುದು ಬರೀ ಊಟದ ಮಾತು, "ಹಾಕು", "ಸಾಕು".

ದಯವಿಟ್ಟು ಬನ್ನಿ. ಬರಲಾಗದಿದ್ದರೆ ಹೇಳು ಎಂದು ಬರೆಯಿರಿ. ನಿಮ್ಮ ಮೇಲೆ ಆಣೆ ಇಡಿಸಿಕೊಂಡಿದ್ದೀರಿ, ಅದನ್ನು ನೀವೇ ಬಿಡಿಸಬೇಕು.

ಶಾಂತಲಾ


ಹಾಗಲವಾಡಿ
30-11-1997

ಅಪ್ಪಾಜಿ,

ನಾಲ್ಕು ವಾರವಾಯಿತು. ತಾಲ್ಲೂಕು ಕಚೇರಿಯಲ್ಲಿ ಬೇರೆಯವರ ಅರ್ಜಿಯನ್ನು ಹೀಗೇ ಇಟ್ಟುಕೊಳ್ಳುತ್ತೀರಾ?

ಮಾತ್ರೆ ಇಲ್ಲ. ಇದ್ದರೂ ನುಂಗುವ ಹಾಗಿಲ್ಲ. ಸಂಜೆ ಏಳಾದರೆ ಅತ್ತೆ ನನ್ನ ಕೈಯನ್ನೇ ನೋಡುತ್ತಿರುತ್ತಾರೆ. ಇಷ್ಟು ದಿನ ಹೇಗೋ ನಡೆದಿದೆ. ಚಳಿ ಶುರುವಾಗಿದೆ. ಬೆಳಿಗ್ಗೆ ಕಸ ಗುಡಿಸುವಾಗ ಎರಡು ಸಲ ಕೂತು ಏಳುತ್ತೇನೆ. ಇನ್ನೊಂದು ತಿಂಗಳಿಗೆ ರಾಗಿ ಒಕ್ಕಣೆ.

ಶಾಂತಲಾ


ಕುಣಿಗಲ್
8-12-1997

ಚಿ. ಶಾಂತಲಾಳಿಗೆ ಆಶೀರ್ವಾದ.

ಕಚೇರಿಯಲ್ಲಿ ತಪಾಸಣೆ ಇದ್ದುದರಿಂದ ಬರೆಯಲಾಗಲಿಲ್ಲ. ನಿನ್ನ ಅಮ್ಮನಿಗೆ ಈ ವಿಷಯ ಹೇಳಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಬರಲು ಪ್ರಯತ್ನಿಸುತ್ತೇನೆ. ಯಾವ ರೀತಿ ಹೇಳಿದರೆ ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ ಎಂದು ಯೋಚಿಸುತ್ತಿದ್ದೇನೆ. ಅಲ್ಲಿಯವರೆಗೆ ತಾಳ್ಮೆ ಇರಲಿ. ದೂಳಿನ ಹತ್ತಿರ ಹೋಗಬೇಡ. ಬಿಸಿನೀರು ಕುಡಿ.

ಗುರುಸಿದ್ದಯ್ಯ


ತುಮಕೂರು
14-1-1998

ಅಪ್ಪಾಜಿ,

ನಾನು ಬದುಕಿದ್ದೇನೆ. ಇದು ನಿಮಗೆ ಗೊತ್ತಿರುವ ವಿಷಯವೇ. ಮೊನ್ನೆ ನೀವು ಆಸ್ಪತ್ರೆಗೆ ಬಂದು ಅಮ್ಮನನ್ನು ವಾರ್ಡಿನೊಳಗೆ ಕಳಿಸಿ, ಹೊರಗೆ ಬೆಂಚಿನ ಮೇಲೆ ಕೂತು, ಹಾಗೇ ಹೊರಟು ಹೋದಿರಂತೆ. ಅತ್ತೆ ನನ್ನ ಮಂಚದ ಪಕ್ಕದಲ್ಲಿದ್ದರು, ಅವರ ಮುಖ ನೋಡಲಾಗಲಿಲ್ಲ, ಅದಕ್ಕೆ ಎಂದು ಅಮ್ಮ ಹೇಳಿದಳು. ನನ್ನ ಮುಖವಾದರೂ ನೋಡಬಹುದಿತ್ತು.

ಏನಾಯಿತೆಂದು ಅರ್ಧ ಮಾತ್ರ ನಿಮಗೆ ಗೊತ್ತು. ಪೂರ್ತಿ ಬರೆಯುತ್ತೇನೆ, ಕೂತು ಓದಿ.

ಕಣದಲ್ಲಿ ರಾಗಿ ತೂರುತ್ತಿದ್ದರು. ನಾನು ಬುತ್ತಿ ತೆಗೆದುಕೊಂಡು ಹೋದೆ. ಹೋಗುವುದಿಲ್ಲ ಎನ್ನಲು ಕಾರಣ ಕೊಡಬೇಕಲ್ಲ, ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ. ಗಾಳಿ ನಮ್ಮ ಕಡೆಗೇ ಬೀಸಿತು. ಬುತ್ತಿ ಇಳಿಸುವಷ್ಟರಲ್ಲಿ ಎದೆ ಮುಚ್ಚಿಕೊಂಡಿತು. ಕೂತೆ. ಮಾತು ಹೊರಡಲಿಲ್ಲ. ಅತ್ತೆ ಮೊದಲು ನಾನು ಬಿಸಿಲಿಗೆ ಕೂತೆನೆಂದುಕೊಂಡರಂತೆ. ಆಮೇಲೆ ನನ್ನ ಕತ್ತಿನ ನರ ಎಳೆಯುವುದನ್ನು ನೋಡಿ "ಉದಯಾ, ಇವ್ಳ ತುಟಿ ನೀಲಿಗಾಯ್ತು ಕಣೋ!" ಎಂದು ಕೂಗಿದ್ದು ನನಗೆ ಕೇಳಿಸಿತು. ಇವರು ಡೇರಿಯ ಹಾಲಿನ ವ್ಯಾನನ್ನು ಅಡ್ಡ ಹಾಕಿ ನಿಲ್ಲಿಸಿದರು. ಕ್ಯಾನುಗಳ ನಡುವೆ ನನ್ನನ್ನು ಎದೆಗೆ ಒರಗಿಸಿಕೊಂಡು ಕೂತರು. ಗುಬ್ಬಿಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ತಡ ಮಾಡಬೇಡಿ ಎಂದು ತುಮಕೂರಿಗೆ ಕಳಿಸಿದರು.

ಇಲ್ಲಿನ ಲೇಡಿ ಡಾಕ್ಟರ್ ಇವರನ್ನು ಕೇಳಿದರಂತೆ, "ಯಾವುದಾದ್ರೂ ಮಾತ್ರೆ ತಗೊಳ್ತಿದ್ರಾ?" ಇವರು ಜೇಬಿನಿಂದ ಆ ಹಾಳೆ ತೆಗೆದರು. ಎರಡು ತಿಂಗಳಿನಿಂದ ಅದನ್ನು ಒಂದು ಅಂಗಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಇಟ್ಟುಕೊಂಡಿದ್ದರು. ನಮ್ಮೂರ ಮೆಡಿಕಲ್ ಅಂಗಡಿಯವನಿಗೆ ತೋರಿಸಲು ಎರಡು ಸಲ ಹೋಗಿ, ಅವನು ಏನಾದರೂ ಅಂದರೆ ಎಂದು ವಾಪಸು ಬಂದಿದ್ದರಂತೆ. ಡಾಕ್ಟರ್ ನೋಡಿ, "ಇದು ಆಸ್ತಮಾ ಮಾತ್ರೆ. ಯಾಕ್ರೀ ನಿಲ್ಸಿದ್ರಿ? ಇದ್ನ ಹೇಳ್ದೆ ಕೇಳ್ದೆ ನಿಲ್ಸೋದಾ?" ಎಂದು ರೇಗಿದರು. ಬೈಗುಳ ತಿಂದವರು ಇವರು. ಇವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಮೂರನೇ ದಿನ ಆಮ್ಲಜನಕದ ನಳಿಗೆ ತೆಗೆದ ಮೇಲೆ ಇವರು ಸ್ಟೂಲ್ ಎಳೆದುಕೊಂಡು ಕೂತರು. ನಾನು ಎಲ್ಲ ಹೇಳಿದೆ. ಕೊತ್ತಗೆರೆಯವರದು, ತುಮಕೂರಿನವರದು, ನಿಮ್ಮ ಆಣೆ, ಡಬ್ಬ. ಇವರು ಎಲ್ಲ ಕೇಳಿಸಿಕೊಂಡು ಅಂದರು:

"ನಿಮ್ಮಪ್ಪ ಮುಚ್ಚಿಟ್ರು, ಸರಿ. ಹೆಣ್ ಹೆತ್ತೋರು, ಅವ್ರ ಭಯ ಅವ್ರಿಗೆ. ನೀನು? ನಿಂಗೆ ನನ್ ಜೊತೆ ಮಕ್ಳು ಬೇಡ ಅಂತ ನಾನು ಎರಡು ತಿಂಗ್ಳು ಅನ್ಕೊಂಡು ಓಡಾಡಿದ್ನಲ್ಲ. ಅದು ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಅನ್ಕೊಳ್ಳೋಕೆ ಬಿಟ್ಯಲ್ಲ."

ಇದುವರೆಗೆ ಎಲ್ಲವನ್ನೂ ನಿಮ್ಮ ತಲೆಯ ಮೇಲೆ ಹಾಕಿ ಕಾಗದ ಬರೆದಿದ್ದೇನೆ ಅಪ್ಪಾಜಿ. ನನಗೂ ಬಾಯಿತ್ತು.

ಶಾಂತಲಾ


ಹಾಗಲವಾಡಿ
2-2-1998

ಅಪ್ಪಾಜಿ, ಇದು ಅತ್ತೆಯ ಕಾಗದ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. "ಒಂದಕ್ಷರ ತಿದ್ದಿದ್ರೆ ದೊಡ್ಡಗಂಗಮ್ಮನ ಕೈಲಿ ಓದಿಸ್ತೀನಿ" ಅಂದಿದ್ದಾರೆ. ಆದ್ದರಿಂದ ತಿದ್ದಿಲ್ಲ.

ಬೀಗರಾದ ಗುರುಸಿದ್ದಯ್ಯನೋರಿಗೆ ಕರಿಬಸಮ್ಮ ಮಾಡೋ ಶರಣು.

ಏನ್ ತಿಳ್ಕಂಡಿದ್ದೀರಿ ನಮ್ನ? ಉಬ್ಬಸ ಇರೋ ಹುಡ್ಗೀನ ಬಾವಿಗೆ ತಳ್ಬುಡ್ತೀವಿ ಅಂತಾನಾ? ನನ್ ಗಂಡಂಗೆ ಸಕ್ಕರೆ ಕಾಯ್ಲೆ ಇತ್ತು. ಹನ್ನೊಂದು ವರ್ಷ ನಾನೇ ಮಾತ್ರೆ ತಗ್ದು ಕೊಟ್ಟಿವ್ನಿ. ಮಾತ್ರೆ ಅಂದ್ರೆ ನಂಗೇನು ದೆವ್ವಾನಾ? ನೀವು ಮೊದ್ಲೇ ಹೇಳಿದ್ರೆ ನಾನು ಒಂದಿನ ಮುಖ ದಪ್ಪ ಮಾಡ್ಕತಿದ್ದೆ. ಸುಳ್ಳು ಯಾಕೆ ಹೇಳ್ಲಿ, ಮಾಡ್ಕತಿದ್ದೆ. ಬ್ಯಾಡ ಅಂತಲೂ ಅಂತಿದ್ನೋ ಏನೋ. ಆದ್ರೆ ಅದು ನಂಗೆ ನೀವು ಕೊಡ್ಬೇಕಾಗಿದ್ದ ಮಾತು. ನನ್ ಕೈಯಿಂದ ಆ ಮಾತ್ರೇನ ಬೆಂಕಿಗೆ ಹಾಕಿಸ್ದ್ರಲ್ಲ, ಅದ್ಕೆ ನಾನು ಯಾರಿಗೆ ಹೇಳ್ಲಿ? ಹುಡ್ಗಿ ಹೋಗಿದ್ರೆ ಸೊಸೇನ ಕೊಂದೋಳು ಅಂತ ಊರು ಯಾರ್ನ ಅಂತಿತ್ತು? ನಿಮ್ನಲ್ಲ, ನನ್ನ.

(ಇಲ್ಲಿ ಅತ್ತೆ ಎದ್ದು ಹೋಗಿ ಮುಖ ತೊಳೆದು ಬಂದರು.)

ಈಗ ಮಾತ್ರೆ ದೇವ್ರ ಗೂಡಿನ ಪಕ್ದಲ್ಲಿ ಇಟ್ಟಿವ್ನಿ. ಡಾಕ್ಟ್ರಮ್ಮ ಹೇಳ್ದಂಗೆ ಸಂಜೆ ಒಂದು ತಪ್ಪಂಗಿಲ್ಲ, ಎರಡು ಆಗಂಗಿಲ್ಲ. ಪಂಪು ಅವ್ಳ ಸೊಂಟದ ಚೀಲದಾಗೇ ಇರ್ತೈತೆ. ಕಣಕ್ಕೆ ನಾನೇ ಹೋಯ್ತೀನಿ. ಇದ್ನೆಲ್ಲ ನಾವು ನೋಡ್ಕತೀವಿ. ನೀವು ಮಾಡ್ಬೇಕಾಗಿರೋದು ಒಂದೇ. ಬನ್ನಿ. ಆಸ್ಪತ್ರೆ ಬೆಂಚಿನ್ ಮೇಲಿಂದ ಎದ್ದು ಹೋದ್ರಲ್ಲ, ಹಂಗಲ್ಲ. ನಮ್ಮನೆ ಜಗ್ಲಿ ಹತ್ತಿ, ಒಳೀಕೆ ಬಂದು, ಕೂತು, ಹೇಳಿ. ಊಟಕ್ಕೆ ಇಡ್ತೀನಿ. ಬೈಯ್ದೇ ಇರ್ತೀನಿ ಅಂತ ಮಾತ್ರ ಮಾತು ಕೊಡಾಕಾಗಲ್ಲ.

ಕರಿಬಸಮ್ಮ
(ಬರೆದವಳು ಶಾಂತಲಾ)


ಹಾಗಲವಾಡಿ
3-3-1998

ಅಪ್ಪಾಜಿಗೆ ನಮಸ್ಕಾರ.

ನೀವು ಬಂದು ಹೋಗಿ ಎಂಟು ದಿನವಾಯಿತು. ಊರು ಸೇರಿದ್ದಕ್ಕೆ ಒಂದು ಕಾರ್ಡು ಹಾಕಲಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನೀವು ಬಂದಿದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದು ಆವತ್ತು ಹೇಳಲಾಗಲಿಲ್ಲ. ಅತ್ತೆಯ ಎದುರು ಕೈ ಮುಗಿದು "ತಪ್ಪಾಯ್ತು ತಾಯಿ" ಅಂದಿರಲ್ಲ, ಆ ಗಳಿಗೆಯಲ್ಲಿ ನಾನು ಅಡುಗೆಮನೆಯಲ್ಲಿ ನಿಲ್ಲಲಾಗದೆ ಹಿತ್ತಿಲಿಗೆ ಹೋದೆ. ಇವರು ನಿಮ್ಮನ್ನು ಡೇರಿಗೆ ಕರೆದುಕೊಂಡು ಹೋಗಿ ತೋರಿಸಿದ್ದು ನಿಮ್ಮ ಮೇಲಿನ ಸಿಟ್ಟು ಇಳಿದದ್ದಕ್ಕೆ ಎಂದು ನಾನು ತಿಳಿದಿದ್ದೇನೆ. ನನ್ನ ಮೇಲಿನದು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಈಗ ಊಟದ ಹೊತ್ತಿಗೆ ಬೇರೆ ಮಾತೂ ಆಡುತ್ತಾರೆ.

ಇನ್ನೊಂದು ವಿಷಯ. ಇದಕ್ಕೆ ನೀವು ಹಾರಿಕೆಯ ಉತ್ತರ ಬರೆಯಬೇಡಿ.

ಊಟವಾದ ಮೇಲೆ ನೀವು ಮಾಳಿಗೆ ಹತ್ತಿ ಇಳಿದು ಬಂದಿರಿ. ಅತ್ತೆ ಎಲೆ ಅಡಿಕೆ ತಟ್ಟೆ ಹಿಡಿದು ನಿಂತವರು ನಿಮ್ಮನ್ನೇ ನೋಡಿದರು. ಆಸ್ಪತ್ರೆಯಲ್ಲಿ ಆರು ದಿನ ನನ್ನ ಉಸಿರನ್ನು ಕೇಳುತ್ತಾ ಕೂತಿದ್ದವರು ಅವರು. "ಬೀಗರೇ, ನಿಮ್ ಎದೆ ಸಿಳ್ಳೆ ಹೊಡಿತೈತಲ್ಲ" ಅಂದರು. ನೀವು "ವಯಸ್ಸಾಯ್ತಲ್ಲ ತಾಯಿ" ಎಂದು ನಕ್ಕಿರಿ. ಅವರು ನಗಲಿಲ್ಲ. "ಇವ್ಳದೂ ಹಿಂಗೇ ಹೊಡಿತಿತ್ತು. ಅಪ್ಪಂದೇ ಮಗ್ಳಿಗೆ ಬಂದಿರೋದು" ಅಂದರು. ನೀವು ಆ ಕ್ಷಣವೇ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದು ಹೊರಟಿರಿ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಆಮೇಲೆ ನಾನು ಕೂತು ಯೋಚಿಸಿದೆ. ಮಳೆಗಾಲದಲ್ಲಿ ನೀವು ಒಬ್ಬರೇ ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದಿರಿ, ಕಚೇರಿಯ ಫೈಲು ನೋಡಬೇಕು ಅನ್ನುತ್ತಿದ್ದಿರಿ. ಕೆರೆ ಏರಿಯ ಮೇಲೆ ನಮ್ಮ ಜೊತೆ ನಡೆಯುವಾಗ ನಡುವೆ ನಿಂತು ನೀರು ನೋಡುತ್ತಿದ್ದಿರಿ. ನಿಮಗೆ ನೀರು ಇಷ್ಟ ಎಂದು ನಾನು ಅಂದುಕೊಂಡಿದ್ದೆ.

ನಿಜ ಹೇಳಿ. ಎಷ್ಟು ವರ್ಷದಿಂದ?

ಶಾಂತಲಾ


ಕುಣಿಗಲ್
5-4-1998

ಪ್ರೀತಿಯ ಶಾಂತಲಾ,

ನಿನ್ನ ಕಾಗದವನ್ನು ಒಂದು ತಿಂಗಳು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಅರ್ಜಿಗಳನ್ನು ಹೀಗೇ ಇಟ್ಟುಕೊಳ್ಳುತ್ತೀರಾ ಎಂದು ನೀನು ಒಮ್ಮೆ ಕೇಳಿದ್ದೆ. ಹೌದು, ಕಷ್ಟದ ಅರ್ಜಿಗಳನ್ನು ಹೀಗೇ ಇಟ್ಟುಕೊಳ್ಳುತ್ತೇನೆ.

ಹದಿನೇಳನೇ ವಯಸ್ಸಿನಿಂದ. ಕೆಲಸಕ್ಕೆ ಸೇರುವಾಗ ಹೇಳಲಿಲ್ಲ, ತೆಗೆದುಕೊಳ್ಳುವುದಿಲ್ಲವೆಂಬ ಭಯ. ಹೆಣ್ಣು ನೋಡಲು ಹೋದಾಗ ನಿಮ್ಮ ತಾತನಿಗೆ ಹೇಳಲಿಲ್ಲ. ಮದುವೆಯಾದ ಮೇಲೆ ನಿಮ್ಮ ಅಮ್ಮನಿಗೆ ಹೇಳಲಿಲ್ಲ, ಇವತ್ತು ಹೇಳೋಣ ನಾಳೆ ಹೇಳೋಣ ಎಂದು ಇಪ್ಪತ್ತೇಳು ವರ್ಷ ಕಳೆಯಿತು. ಮೆಡಿಕಲ್ ಅಂಗಡಿಯಲ್ಲಿ ಯಾವುದೋ ಮಾತ್ರೆ ಕೇಳಿ ತಂದು, ಜಾಸ್ತಿಯಾದಾಗ ನುಂಗಿ, ಕಡಿಮೆಯಾದಾಗ ಬಿಟ್ಟು, ಹೇಗೋ ದಾಟಿಸಿದೆ. ನಿನಗೆ ಉಬ್ಬಸ ಬಂದಾಗ ನನ್ನದೇ ಬಂತೆಂದು ಗೊತ್ತಾಯಿತು. ನಿನ್ನನ್ನಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಷ್ಟೇ ನಾನು ಮಾಡಿದ ಒಳ್ಳೆಯ ಕೆಲಸ. ನಾನು ಮುಚ್ಚಿಟ್ಟು ಬದುಕಿಲ್ಲವೇ, ಇವಳೂ ಬದುಕುತ್ತಾಳೆ ಎಂದುಕೊಂಡೆ. ನಾನು ಬದುಕಿದ್ದು ಹೇಗೆಂದು ನಿನಗೆ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ.

ಹೋದ ಸೋಮವಾರ ರಜೆ ಹಾಕಿ, ನಿನ್ನನ್ನು ನೋಡುವ ಡಾಕ್ಟರ ಹತ್ತಿರ ಹೋದೆ. ಈ ಸಲ ಮಗಳ ವಿಷಯ ಅನ್ನಲಿಲ್ಲ. ಉಸಿರು ಅಳೆಯುವ ಕೊಳವೆಯಲ್ಲಿ ಊದಿಸಿದರು, ಎದೆ ಕೇಳಿದರು. ಅಂಗಡಿಯಿಂದ ತಂದು ನುಂಗುತ್ತಿದ್ದುದನ್ನೆಲ್ಲ ಮೇಜಿನ ಮೇಲೆ ಇಡಿಸಿ, ಅರ್ಧ ಗಂಟೆ ಬೈದರು. ನನ್ನ ಬಿ.ಪಿ. ನೋಡಿಕೊಂಡು, ನಿನ್ನದಕ್ಕಿಂತ ಕಡಿಮೆ ಪ್ರಮಾಣದ ಮಾತ್ರೆ ಬರೆದಿದ್ದಾರೆ. ದಿನಕ್ಕೊಂದು. ಒಂದು ಪಂಪು ಕೂಡ. ಬೀಡಿ ಸೇದುತ್ತೀರಾ ಎಂದು ಕೇಳಿದರು. ಇಲ್ಲ ಅಂದೆ. ಅದು ನಿಜ.

ಮನೆಗೆ ಬಂದೆ. ನಿಮ್ಮ ಅಮ್ಮ ಹುರುಳಿಕಾಯಿ ಸೋಸುತ್ತಿದ್ದಳು. ಮಾತ್ರೆ ಮತ್ತು ಪಂಪನ್ನು ಅವಳ ಮುಂದೆ ಇಟ್ಟು, "ಚೆನ್ನಮ್ಮ, ಇದು ಶಾಂತಲಂದಲ್ಲ, ನಂದು" ಅಂದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತು" ಅಂದಳು.

"ಏನ್ ಗೊತ್ತು?"

"ಮದ್ವೆಯಾದ ಎಂಟ್ನೇ ದಿನವೇ ಗೊತ್ತು. ಪಕ್ಕದಲ್ಲಿ ಮಲಗೋಳಿಗೆ ಉಸಿರು ಕೇಳಿಸಲ್ವಾ? ನೀವಾಗೇ ಹೇಳ್ತೀರಾ ಅಂತ ಕಾದೆ. ಒಂದು ವರ್ಷ ಕಾದೆ. ಆಮೇಲೆ ಹೇಳೋದೇ ಇಲ್ಲ ಅಂತ ಗೊತ್ತಾಯ್ತು. ನೀವು ಹೊರಗಿನ್ ಕೋಣೇಲಿ ಮಲಗ್ದಾಗೆಲ್ಲ ನಾನು ಬಾಗ್ಲ ಹಿಂದೆ ಕೂತಿರ್ತಿದ್ದೆ, ನಿಂತೋಯ್ತೋ ಏನೋ ಅಂತ."

ನಾನು ನಿಂತೇ ಇದ್ದೆ. ಆಗ ಅವಳು ತಲೆ ಎತ್ತಿದಳು. ಅವಳನ್ನು ಅಷ್ಟು ಸಿಟ್ಟಿನಲ್ಲಿ ನಾನು ನೋಡಿರಲಿಲ್ಲ.

"ನಿಂತೇ ಇರ್ತೀರಾ? ಕೂತ್ಕೊಳ್ಳಿ. ಹೊಟ್ಟೆಗೆ ಹಾಕೊಂಡು ನುಂಗ್ಬೇಕಲ್ವಾ ಅದನ್ನ? ದೋಸೆ ಹುಯ್ತೀನಿ."

ನಿಮ್ಮ ಅಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಇವತ್ತಿಗೆ ಆರು ದಿನ. ದೋಸೆ ಮಾತ್ರ ದಿನಾ ಹುಯ್ಯುತ್ತಿದ್ದಾಳೆ.

ನಿನ್ನ,
ಅಪ್ಪಾಜಿ